ಬಚ್ಚಲಿನ ಬಾಗಿಲಾಚೆ

ಅಮ್ಮನ ಸ್ನಾನ ಮುಗಿಯುವವರೆಗೂ, ಅವಳಿಗೆ ನೆರವಾಗಲು ಬೆಳಗಿನ ಹೊತ್ತು ಮನೆಗೆ ಬರುವ ಹೆಂಗಸೊಬ್ಬರು ಬಚ್ಚಲಮನೆಯ ಬಾಗಿಲಾಚೆ ಮಣೆ ಹಾಕಿಕೊಂಡು ಕುಳಿತಿರುತ್ತಾರೆ. ತೊಡೆಯ ಮೇಲೊಂದು ಮೊರ, ಮೊರದಲ್ಲಿ ಆರಿಸಬೇಕಾದ ಅಕ್ಕಿಯೋ ಬಿಡಿಸಬೇಕಾದ ಅವರೆಕಾಯಿಯೋ ಇರುತ್ತದೆ. ಒಳಗಿನಿಂದ ಚೊಂಬು ಹಂಡೆಯ ಕಂಠಕ್ಕೆ ತಾಗುವ ಸದ್ದು, ನೀರು ಸುರಿಯುವ ಸದ್ದು, ನಡುನಡುವೆ ಅಮ್ಮ ಹೇಳಿಕೊಳ್ಳುವ ದೇವರನಾಮದ ಅರ್ಧರ್ಧ ಸಾಲು ಕೇಳಿಬರುತ್ತದೆ. ಸದ್ದು ನಿಂತು ಸ್ವಲ್ಪ ಹೊತ್ತಾಯಿತೆಂದರೆ, "ಅಮ್ಮಾ, ತಣ್ಣೀರು ಸಾಕಾ?" ಎಂದು ಕೇಳುತ್ತಾರೆ. ತಣ್ಣೀರು ಸಾಕಷ್ಟಿದೆಯೆಂದು ಅವರಿಗೂ ಗೊತ್ತು, ಅದು ತನ್ನನ್ನು ವಿಚಾರಿಸಿಕೊಳ್ಳುವ ಮಾತೆಂದು ಅಮ್ಮನಿಗೂ ಗೊತ್ತು. "ಸಾಕು ಕಣೇ" ಎಂಬ ಉತ್ತರ ಬಂದರೆ ಕೈ ಮತ್ತೆ ಮೊರಕ್ಕೆ ಹೋಗುತ್ತದೆ. ಆ ಬಾಗಿಲಿಗೆ ಈಗ ಒಳಗಿನ ಚಿಲಕವಿಲ್ಲ. ಎರಡು ವರ್ಷದ ಹಿಂದೆ ಬಡಗಿಯನ್ನು ಕರೆಸಿ ತೆಗೆಸಿದ್ದೇವೆ. ಆದರೂ ಕೂಗಿ ಕೇಳದೆ ಅವರು ಒಂದು ದಿನವೂ ಬಾಗಿಲು ತಳ್ಳಿದ್ದಿಲ್ಲ.

ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆಗೆ ಹೋಗುವಾಗ ಡಾಂಬರು ರಸ್ತೆಯಿಂದ ಸ್ವಲ್ಪ ಒಳಗಿರುವ ಹೆಂಚಿನ ಮನೆಯಲ್ಲಿ ನನ್ನ ಅಮ್ಮ ಒಬ್ಬಳೇ ಇದ್ದಾಳೆ. ಅವಳಿಗೆ 82 ವರ್ಷ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ನಾನು ಬೆಂಗಳೂರಿನಲ್ಲಿದ್ದೇನೆ, ತಮ್ಮ ಪುಣೆಯಲ್ಲಿದ್ದಾನೆ. ಇದು ನಮ್ಮೊಂದೇ ಮನೆಯ ಕತೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ನಮ್ಮ ಕೇರಿಯಲ್ಲಿರುವ 14 ಮನೆಗಳ ಪೈಕಿ ಐದರಲ್ಲಿ 70 ದಾಟಿದವರು ಮಾತ್ರ ವಾಸವಾಗಿದ್ದಾರೆ; ಆ ಐದರಲ್ಲಿ ಮೂರು ಮನೆಗಳಲ್ಲಿರುವುದು ಒಬ್ಬೊಬ್ಬರೇ, ಮೂವರೂ ಹೆಂಗಸರು. 2011ರ ಜನಗಣತಿಯ ಹೊತ್ತಿಗೇ ನಮ್ಮ ದೇಶದಲ್ಲಿ 60 ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು ಎಂಬುದನ್ನು ಓದಿದಾಗ ನನ್ನ ಮನಸ್ಸಿಗೆ ತಟ್ಟದೆ ಹೋದದ್ದು, ಸಂಜೆ ಏಳಕ್ಕೆ ಕೇರಿಯಲ್ಲಿ ನಿಂತು ಯಾವ ಯಾವ ಮನೆಯ ಜಗುಲಿಯಲ್ಲಿ ದೀಪವಿದೆಯೆಂದು ನೋಡಿದಾಗ ತಟ್ಟುತ್ತದೆ.

ಅಮ್ಮ ರೋಗಿಯಲ್ಲ. ಬಿಪಿಗೆ ಒಂದು ಮಾತ್ರೆ, ಮಂಡಿನೋವಿಗೆ ಆಗಾಗ ಎಣ್ಣೆ, ಬಲಗಣ್ಣಿಗೆ ಪೊರೆ ತೆಗೆಸಿದ್ದಾಗಿದೆ, ಅಷ್ಟೇ. 2022ರ ಜುಲೈಯಲ್ಲಿ, ಎಡೆಬಿಡದೆ ಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ, ತುಳಸಿಕಟ್ಟೆಗೆ ಹೋಗಲೆಂದು ಅಂಗಳಕ್ಕೆ ಇಳಿದವಳು ಪಾಚಿಯ ಮೇಲೆ ಕಾಲಿಟ್ಟು ಜಾರಿದಳು. ಅಪ್ಪ ಇದ್ದಾಗ ಪ್ರತಿ ಮಳೆಗಾಲಕ್ಕೂ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸ ಯಾರದ್ದೂ ಆಗಿರಲಿಲ್ಲ. ಮೂಳೆ ಮುರಿಯಲಿಲ್ಲ. ಆದರೆ ಎದ್ದು ಬರಲಾಗದೆ ಮುಕ್ಕಾಲು ಗಂಟೆ ಮಳೆಯಲ್ಲೇ ಕುಳಿತಿದ್ದಳೆಂಬುದು, ಹಾಲಿನವನು ನೋಡಿ ಎತ್ತಿದನೆಂಬುದು ನಮಗೆ ಗೊತ್ತಾದದ್ದು ಸಂಜೆಯ ಫೋನಿನಲ್ಲಿ. ಬೆಂಗಳೂರಿಗೆ ಕರೆತಂದೆ. ಮೂರನೆಯ ಮಹಡಿಯ ನನ್ನ ಮನೆಯಲ್ಲಿ ನಲವತ್ತು ದಿನ ಇದ್ದು, ನಲವತ್ತೊಂದನೆಯ ದಿನ ಬೆಳಿಗ್ಗೆ ಚೀಲ ತುಂಬಿಕೊಂಡು ಬಾಗಿಲಲ್ಲಿ ಕುಳಿತಳು. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಅವಳು ತನ್ನ ಮನೆಯಲ್ಲಿರಲು ಬಯಸುತ್ತಾಳೆ, ಆ ಬಯಕೆಗೆ ಬೇರೆ ಕಾರಣ ಕೊಡಬೇಕಾಗಿಲ್ಲ ಎಂದು ನಾನು ಒಪ್ಪಿಕೊಂಡಿದ್ದೇನೆ.

ಆಮೇಲೆ ನಾವು ಮಾಡಿದ ತಪ್ಪನ್ನು ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ದೂರದಲ್ಲಿರುವ ಮಕ್ಕಳು ಬಹುಪಾಲು ಇದೇ ತಪ್ಪನ್ನು ಪ್ರೀತಿಯಿಂದಲೇ ಮಾಡುತ್ತಾರೆ. ಬೆಂಗಳೂರಿನ ಒಂದು ಏಜೆನ್ಸಿಯ ಮೂಲಕ ಇಪ್ಪತ್ನಾಲ್ಕು ಗಂಟೆ ಜೊತೆಗಿರುವವರನ್ನು ಗೊತ್ತುಮಾಡಿದೆವು. ಒಂದು ತಿಂಗಳ ಹಣವನ್ನು ಮುಂಗಡವಾಗಿ ಕಟ್ಟಿಸಿಕೊಂಡ ಅವರು ಕಳಿಸಿದ ಫಾರಂನಲ್ಲಿ ಅಮ್ಮನ ಹೆಸರಿನ ಮುಂದೆ 'ಪೇಷೆಂಟ್' ಎಂದು ಅಚ್ಚಾಗಿತ್ತು. ಬಂದವಳು ದೂರದ ಜಿಲ್ಲೆಯ, ಇಪ್ಪತ್ತಮೂರು ವರ್ಷದ ಹುಡುಗಿ. ಪೇಷೆಂಟನ್ನು ಏಳಲು ಬಿಡಬಾರದು, ಬಿದ್ದರೆ ಜವಾಬ್ದಾರಿ ನಿನ್ನದು ಎಂದು ಅವಳಿಗೆ ಹೇಳಿ ಕಳಿಸಿದ್ದರು. ಅವಳು ಹೇಳಿದ್ದನ್ನು ಚಾಚೂತಪ್ಪದೆ ಮಾಡಿದಳು. ಅಮ್ಮ ಏಳುವ ಮೊದಲೇ ಒಲೆ ಉರಿಯುತ್ತಿತ್ತು, ಅಂಗಳ ಗುಡಿಸಿಯಾಗಿರುತ್ತಿತ್ತು, ತಟ್ಟೆ ಕೈಗೆ ಬರುತ್ತಿತ್ತು, ಉಂಡ ಕೈಗೆ ನೀರು ಹಾಕುವುದೂ ಕುಳಿತಲ್ಲೇ ಆಗುತ್ತಿತ್ತು. ಫೋನಿನಲ್ಲಿ ಕೇಳಿ ನನಗೆ ನೆಮ್ಮದಿಯಾಗುತ್ತಿತ್ತು.

ಎರಡು ತಿಂಗಳ ನಂತರ ಹೋದಾಗ ಅಮ್ಮ ಹಿತ್ತಲಿಗೆ ನಡೆಯುವುದನ್ನು ಬಿಟ್ಟಿದ್ದಳು. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕಾಗಿತ್ತು. ಸಂಜೆ ನನ್ನ ಪಕ್ಕದಲ್ಲಿ ಕುಳಿತು, "ದಿನಾ ಬೆಳಿಗ್ಗೆ ಎದ್ದು ನಾನು ಏನು ಮಾಡ್ಲಿ ಹೇಳು" ಎಂದು ಕೇಳಿದಳು. ದೂರು ಹೇಳುವ ದನಿಯಲ್ಲಿ ಕೇಳಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವಳಂತೆ ಕೇಳಿದಳು. ಅರವತ್ತು ವರ್ಷ ಒಂದು ಮನೆಯನ್ನು ನಡೆಸಿದವಳ ಬಾಯಿಂದ ಆ ಪ್ರಶ್ನೆ ಬಂದದ್ದನ್ನು ನಾನು ಇನ್ನೂ ಮರೆತಿಲ್ಲ. ಹುಡುಗಿಯ ತಪ್ಪೇನೂ ಇರಲಿಲ್ಲವೆಂದು ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ. ಸಿಗ್ನಲ್ ಸರಿಯಾಗಿ ಸಿಗದ ಊರಿನಲ್ಲಿ, ಮಾತಾಡಲು ತನ್ನ ವಯಸ್ಸಿನವರೊಬ್ಬರೂ ಇಲ್ಲದ ಮನೆಯಲ್ಲಿ, ವಾರಕ್ಕೊಂದು ದಿನದ ಬಿಡುವೂ ಇಲ್ಲದೆ ಅವಳು ರಾತ್ರಿ ಅಡುಗೆಮನೆಯಲ್ಲಿ ಅಳುತ್ತಿದ್ದಳೆಂದು ಅಮ್ಮನೇ ಹೇಳಿದಳು. ನಾಲ್ಕು ತಿಂಗಳಲ್ಲಿ ಮೂವರು ಬಂದು ಹೋದರು. ಮೂರನೆಯವಳು ಹೊರಟಾಗ ನಾವು ಏಜೆನ್ಸಿಯನ್ನು ಬಿಟ್ಟೆವು.

ಆ ಹೊತ್ತಿಗೆ ಬೆಂಗಳೂರಿನಲ್ಲಿ ಅಮ್ಮನನ್ನು ನೋಡಿದ ವೈದ್ಯರೊಬ್ಬರು, ಪರೀಕ್ಷೆಗಳನ್ನೆಲ್ಲ ಬದಿಗಿಟ್ಟು, ಒಂದು ಹಾಳೆಯನ್ನು ನನ್ನ ಕೈಗೆ ಕೊಟ್ಟು ತುಂಬಲು ಹೇಳಿದರು. ಅದರ ಹಿನ್ನೆಲೆಯನ್ನು ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ಸಂಗಡಿಗರು 1963ರಲ್ಲಿ ದಿನನಿತ್ಯದ ಆರು ಕೆಲಸಗಳನ್ನು ಗುರುತಿಸಿದ್ದರು: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲಮೂತ್ರದ ಮೇಲಿನ ಹಿಡಿತ, ಊಟ. ಮನುಷ್ಯನ ಕೈಯಿಂದ ಇವು ಒಂದು ಕ್ರಮದಲ್ಲಿ ಜಾರುತ್ತವೆ, ಮೊದಲು ಹೋಗುವುದು ಸ್ನಾನ, ಕೊನೆಯವರೆಗೂ ಉಳಿಯುವುದು ಉಣ್ಣುವುದು, ಮಗು ಕಲಿಯುವ ಕ್ರಮವನ್ನು ತಿರುಗಿಸಿ ಇಟ್ಟಂತೆ ಎಂಬುದನ್ನು ಅವರು ಗಮನಿಸಿದ್ದರು. 1969ರಲ್ಲಿ ಲಾಟನ್ ಮತ್ತು ಬ್ರಾಡಿ ಎಂಬಿಬ್ಬರು ಇದಕ್ಕೆ ಇನ್ನೂ ಎಂಟನ್ನು ಸೇರಿಸಿದರು. ಫೋನ್ ಬಳಸುವುದು, ಅಂಗಡಿಗೆ ಹೋಗುವುದು, ಅಡುಗೆ, ಮನೆವಾರ್ತೆ, ಬಟ್ಟೆ ಒಗೆಯುವುದು, ಓಡಾಟ, ತನ್ನ ಮಾತ್ರೆಯನ್ನು ತಾನೇ ನೆನಪಿಟ್ಟು ನುಂಗುವುದು, ಹಣದ ಲೆಕ್ಕ. ಔಷಧಿ ಬರೆಯಲು ಅಥವಾ ಸೂಜಿ ಚುಚ್ಚಲು ಕಲಿತವರು ಬೇಕು. ಆದರೆ ಈ ಹದಿನಾಲ್ಕರಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಪಕ್ಕದಲ್ಲಿ ನಿಲ್ಲುವ ಒಬ್ಬ ಮನುಷ್ಯ. ಒಬ್ಬರು ಸ್ವಂತ ಮನೆಯಲ್ಲಿ ಇರಬಲ್ಲರೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ರಕ್ತಪರೀಕ್ಷೆಯ ವರದಿಗಿಂತ ಹೆಚ್ಚಾಗಿ ಈ ಪಟ್ಟಿಯೇ.

ಹಾಳೆಯನ್ನು ನಾನೊಬ್ಬಳೇ ತುಂಬಿ ಅಮ್ಮನಿಗೆ ಓದಿ ಹೇಳಿದೆ. ಅಡುಗೆಯ ಮುಂದೆ 'ಮಾಡಲಾರರು' ಎಂದು ಬರೆದಿದ್ದೆ. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. "ನೀವೆಲ್ಲ ಬಂದಾಗ ಅಷ್ಟು ಜನಕ್ಕೆ ಮಾಡಲಾರೆ. ನನಗೊಬ್ಬಳಿಗೆ ಮಾಡ್ಕೊಳ್ತೀನಿ. ತೆಂಗಿನಕಾಯಿ ತುರಿಯೋದು ಆಗಲ್ಲ, ಕುಕ್ಕರ್ ಇಳಿಸೋದು ಆಗಲ್ಲ, ಅದನ್ನ ಬರಿ" ಎಂದಳು. ಹೀಗೆ ಒಂದೊಂದನ್ನೂ ಅವಳೇ ಬಿಡಿಸಿ ಹೇಳಿದಳು. ಸ್ನಾನ ಮಾಡಬಲ್ಲಳು, ಆದರೆ ಒಲೆಗೆ ಸೌದೆ ಒಡ್ಡಿ ಹಂಡೆ ಕಾಯಿಸಲಾರಳು, ಬೆನ್ನು ತಿಕ್ಕಿಕೊಳ್ಳಲಾರಳು, ಒದ್ದೆ ನೆಲದಲ್ಲಿ ಹೆಜ್ಜೆ ಇಡಲು ಅಂಜುತ್ತಾಳೆ. ಬಟ್ಟೆ ಹಿಂಡಲಾರಳು, ಮಡಚಬಲ್ಲಳು. ಲೆಕ್ಕ ಬರೆಯಬಲ್ಲಳು, ಬ್ಯಾಂಕಿನ ಮೆಟ್ಟಿಲು ಹತ್ತಲಾರಳು. ನಾನು 'ಆಗುತ್ತದೆ', 'ಆಗುವುದಿಲ್ಲ' ಎಂದು ಎರಡೇ ಮನೆ ಮಾಡಿಕೊಂಡಿದ್ದ ಹಾಳೆಯಲ್ಲಿ ಅವಳ ಬದುಕೆಲ್ಲ ಆ ಎರಡರ ನಡುವೆ ಇತ್ತು. ಏಜೆನ್ಸಿಯವರಿಗೆ ನಾವು ಹಣ ಕೊಟ್ಟದ್ದು, ಆ ನಡುವಿನದನ್ನೆಲ್ಲ ಅವಳ ಕೈಯಿಂದ ತೆಗೆದುಹಾಕಲು ಎಂದು ನನಗೆ ಆಗ ಅರ್ಥವಾಯಿತು.

ಈಗಿರುವವರು ಸಿಕ್ಕಿದ್ದು 2023ರ ಆಗಸ್ಟ್‌ನಲ್ಲಿ. ಇಪ್ಪತ್ತು ವರ್ಷ ಎಸ್ಟೇಟಿನಲ್ಲಿ ದುಡಿದವರು, ಸೊಂಟ ನೋವಿನಿಂದ ಗುಡ್ಡ ಹತ್ತಿಳಿಯುವುದು ಕಷ್ಟವಾಗಿ ಬೇರೆ ಕೆಲಸ ಹುಡುಕುತ್ತಿದ್ದರು. ಹೆಸರು ಬರೆಯಬೇಡಿ ಅಕ್ಕ ಎಂದಿದ್ದಾರೆ, ಆದ್ದರಿಂದ ಬರೆಯುತ್ತಿಲ್ಲ. ನಮ್ಮ ಕಡೆ ಇಂಥ ಕೆಲಸಕ್ಕೆ ಬರುವ ಎಲ್ಲರನ್ನೂ 'ಹೋಂ ನರ್ಸ್' ಎಂದೇ ಕರೆಯುವ ರೂಢಿ ಬಿದ್ದಿದೆ. ಆ ಹೆಸರು ನನಗೆ ಇಷ್ಟವಿಲ್ಲ. ಅದು ಮನೆಯಲ್ಲಿರುವವರನ್ನು ರೋಗಿಯಾಗಿಸುತ್ತದೆ, ಬಂದವರಿಗೆ ಅವರು ಕಲಿಯದ ವಿದ್ಯೆಯನ್ನು ಹೊರಿಸುತ್ತದೆ. ಅಮ್ಮ ಅವರನ್ನು 'ನಮ್ಮನೆಗೆ ಬರೋಳು' ಎನ್ನುತ್ತಾಳೆ. ಇದಕ್ಕಿಂತ ಸರಿಯಾದ ಮಾತು ನನಗೂ ಸಿಕ್ಕಿಲ್ಲ.

ಬೆಳಿಗ್ಗೆ ಎಂಟರಿಂದ ಹನ್ನೊಂದು, ಭಾನುವಾರ ರಜೆ, ತಿಂಗಳಿಗೆ 7,500 ರೂಪಾಯಿ. ಆದರೆ ಮಲೆನಾಡಿನಲ್ಲಿ ಈ ಮೂರು ಗಂಟೆಯನ್ನು ನಿಲ್ಲಿಸಿಕೊಳ್ಳುವುದೇ ಒಂದು ಕೆಲಸ. ಅವರು ಬರುವುದು ಬಸ್ಸಿನಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತಷ್ಟೆ. ಅದಿಲ್ಲದಿದ್ದರೆ ಮೂರು ಗಂಟೆಯ ಕೆಲಸಕ್ಕೆ ಅಷ್ಟು ದೂರದಿಂದ ಬರುವುದು ಗಿಟ್ಟುತ್ತಿರಲಿಲ್ಲವೆಂದು ಅವರೇ ಹೇಳುತ್ತಾರೆ. ಸರ್ಕಾರಿ ಬಸ್ಸು ತಪ್ಪಿದರೆ ಮುಂದಿನದು ಖಾಸಗಿ ಬಸ್ಸು, ಅದಕ್ಕೆ ಟಿಕೆಟ್ ತೆಗೆಯಬೇಕು; ಆ ದುಡ್ಡನ್ನು ನಾವು ಬೇರೆಯಾಗಿ ಕೊಡುತ್ತೇವೆ. ಇನ್ನೊಂದು ಕಷ್ಟ ಕಾಫಿ ಕೊಯ್ಲಿನದು. ನವೆಂಬರ್ ಕೊನೆಯಿಂದ ಅರೇಬಿಕಾ, ಅದು ಮುಗಿಯುತ್ತಿದ್ದಂತೆ ರೋಬಸ್ಟಾ. ಹಣ್ಣು ಕುಯ್ಯುವ ಕಾಲದಲ್ಲಿ ಕೆ.ಜಿ. ಲೆಕ್ಕದಲ್ಲಿ ಕೂಲಿ ಸಿಗುವಾಗ ಮನೆಕೆಲಸಕ್ಕೆ ಯಾರೂ ಉಳಿಯುವುದಿಲ್ಲ, ಉಳಿಯಿರಿ ಎನ್ನುವುದು ನ್ಯಾಯವೂ ಅಲ್ಲ. ಸೊಂಟ ಎಷ್ಟೇ ನೋಯುತ್ತಿದ್ದರೂ ಆ ಎರಡು ಮೂರು ತಿಂಗಳು ಅವರೂ ಸಮತಟ್ಟಾದ ತೋಟಕ್ಕೆ ಹೋಗುತ್ತಾರೆ. ಆಗ ಬೆಳಿಗ್ಗೆ ಆರೂವರೆಗೆ ಬಂದು, ಹಂಡೆ ಕಾಯಿಸಿ, ಸ್ನಾನ ಮುಗಿಸಿಕೊಟ್ಟು ಎಂಟಕ್ಕೆ ಹೊರಡುತ್ತಾರೆ. ಮಿಕ್ಕದ್ದನ್ನು ಪಕ್ಕದ ಮನೆಯ ಸೊಸೆ ನೋಡಿಕೊಳ್ಳುತ್ತಾಳೆ, ಅವಳಿಗೂ ಹಣ ಕೊಡುತ್ತೇವೆ. ಮೊದಮೊದಲು ಬೇಡವೆಂದಳು. ನೆರೆಹೊರೆಯ ಸಹಾಯವನ್ನು ಪುಕ್ಕಟೆಯಾಗಿ ದಿನವೂ ಪಡೆಯುತ್ತ ಹೋದರೆ ಮೂರನೆಯ ತಿಂಗಳಿಗೆ ಕೇಳಲು ಬಾಯಿ ಬರುವುದಿಲ್ಲವೆಂದು ತಿಳಿಹೇಳಿ ಒಪ್ಪಿಸಿದೆ.

ಕಳೆದ ಆಷಾಢದಲ್ಲಿ ನಾನು ಊರಲ್ಲಿದ್ದಾಗ ಕಂಡ ಒಂದು ಬೆಳಗನ್ನು ಹೇಳುತ್ತೇನೆ. ಹಿಂದಿನ ದಿನ ಯಾರೋ ಎರಡು ಕಳಲೆ, ಎಂದರೆ ಎಳೆಬಿದಿರಿನ ಮೊಳಕೆ, ತಂದುಕೊಟ್ಟಿದ್ದರು. ಅಮ್ಮನಿಗೆ ಈಗ ನೆಲದ ಮೇಲೆ ಕುಳಿತು ಮೆಟ್ಟುಗತ್ತಿ ಹಿಡಿಯಲಾಗುವುದಿಲ್ಲ. ನಮ್ಮನೆಗೆ ಬರುವವರು ಕೆಳಗೆ ಮೆಟ್ಟುಗತ್ತಿಯ ಮೇಲೆ ಕುಳಿತು ಹೊರಗಿನ ಪೊರೆಗಳನ್ನು ಒಂದೊಂದಾಗಿ ಸುಲಿದು, ಬುಡದ ಗಟ್ಟಿ ಭಾಗವನ್ನು ತಾವಿಟ್ಟುಕೊಂಡು, ಎಳೆಯ ತುದಿಯನ್ನು ಕುರ್ಚಿಯಲ್ಲಿದ್ದ ಅಮ್ಮನಿಗೆ ಕೊಟ್ಟರು. ಅಮ್ಮ ಚಿಕ್ಕ ಚಾಕುವಿನಿಂದ ಅದನ್ನು ಹೆಚ್ಚುತ್ತ, ಹೆಚ್ಚಿದ ಬಿಲ್ಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತ, ಕೆಳಗಿನಿಂದ ಬಂದ ಹೋಳುಗಳನ್ನೂ ಮುಟ್ಟಿ ಪರೀಕ್ಷಿಸುತ್ತ, "ಇದು ನಾರು, ತೆಗಿ. ಇದು ಇರ್ಲಿ" ಎಂದು ವಿಂಗಡಿಸುತ್ತಿದ್ದಳು. ಆಮೇಲೆ ಹೋಳುಗಳನ್ನು ನೀರಿನಲ್ಲಿ ನೆನೆಹಾಕಿದರು. ಮೂರು ದಿನ, ಪ್ರತಿದಿನ ಬೆಳಿಗ್ಗೆ ನೀರು ಬದಲಿಸಬೇಕು, ಇಲ್ಲವಾದರೆ ಕಹಿಯೂ ವಿಷವೂ ಬಿಡುವುದಿಲ್ಲ. ಪಾತ್ರೆಯನ್ನು ಬಗ್ಗಿಸಿ ಹಳೆಯ ನೀರು ಚೆಲ್ಲುವುದು ಅವರ ಕೆಲಸ, ಚೊಂಬಿನಿಂದ ಹೊಸ ನೀರು ಹಾಕುವುದು ಅಮ್ಮನ ಕೆಲಸ. ಮೂರನೆಯ ದಿನ ಅಮ್ಮ ಬೊಗಸೆಯಲ್ಲಿ ನೀರು ತೆಗೆದು ಮೂಸಿ ನೋಡಿ, "ಇವತ್ತು ಮಾಡಬಹುದು" ಎಂದು ಅಪ್ಪಣೆ ಕೊಟ್ಟಳು.

ಒಬ್ಬರೇ ಕುಳಿತರೆ ಇಪ್ಪತ್ತು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಮೊದಲ ದಿನ ಒಂದೂವರೆ ಗಂಟೆ ಹಿಡಿದಿತ್ತು. ಅವರನ್ನು ಬಸ್ಸಿಗೆ ಬಿಡಲು ಹೋದಾಗ, ಕಳಲೆ ಹೆಚ್ಚುವುದು ನಿಮಗೆ ಮೊದಲು ಗೊತ್ತಿರಲಿಲ್ಲವೇ ಎಂದು ಕೇಳಿದೆ. "ಅಯ್ಯೋ, ಯಾಕೆ ಗೊತ್ತಿಲ್ಲ ಅಕ್ಕ, ನಮ್ಮ ಲೈನಲ್ಲಿ ಮಳೆಗಾಲ ಬಂದ್ರೆ ದಿನಾ ಅದೇ. ಅಮ್ಮ ಹೇಳ್ಲಿ ಅಂತ ಸುಮ್ನಿದ್ದೆ" ಎಂದರು. ಲೈನೆಂದರೆ ಎಸ್ಟೇಟಿನ ಕೂಲಿಯವರ ಮನೆಗಳ ಸಾಲು. ಅವರಿಗೆ ಯಾರೂ ತರಬೇತಿ ಕೊಟ್ಟಿಲ್ಲ. ಬೇಗ ಮಾಡಿ ಮುಗಿಸಬಲ್ಲ ಕೈಯನ್ನು ತಡೆದುಕೊಂಡು ಇನ್ನೊಬ್ಬರ ನಿಧಾನಕ್ಕೆ ಹೊಂದಿಕೊಳ್ಳುವುದು ಎಷ್ಟು ಕಷ್ಟವೆಂಬುದು, ಅಮ್ಮ ಗುಂಡಿ ಹಾಕಿಕೊಳ್ಳುವಾಗ ನನ್ನ ಬೆರಳುಗಳು ತಾವಾಗಿ ಮುಂದೆ ಹೋಗುವುದನ್ನು ಗಮನಿಸಿದ ಮೇಲೆ ನನಗೆ ತಿಳಿಯಿತು. ನಾನು ಮಗಳಾಗಿಯೂ ಮಾಡಲಾಗದ್ದನ್ನು ಅವರು ದಿನವೂ ಮೂರು ಗಂಟೆ ಮಾಡುತ್ತಾರೆ. ನಾವು ಸಂಬಳ ಕೊಡುತ್ತಿರುವುದು ಮುಖ್ಯವಾಗಿ ಇದಕ್ಕೇ ಎಂದು ತಮ್ಮನಿಗೂ ಹೇಳಿದ್ದೇನೆ.

ಅವರು ಏನು ಮಾಡುವುದಿಲ್ಲ ಎಂಬುದೂ ಮೊದಲ ದಿನವೇ ತೀರ್ಮಾನವಾಗಿದೆ. ವಾರದ ಮಾತ್ರೆಗಳನ್ನು ಏಳು ಮನೆಯ ಡಬ್ಬಿಯಲ್ಲಿ ಭಾನುವಾರ ಅಮ್ಮನೇ ತುಂಬುತ್ತಾಳೆ, ನಾನು ವಿಡಿಯೊ ಕರೆಯಲ್ಲಿ ನೋಡುತ್ತೇನೆ, ಅವರು "ಇವತ್ತಿನದು ಆಯ್ತಾ ಅಮ್ಮ?" ಎಂದು ಕೇಳುವುದಷ್ಟೇ. ಮಾತ್ರೆ ಹೆಚ್ಚುಕಡಿಮೆ ಮಾಡುವುದಿಲ್ಲ, ಗಾಯಕ್ಕೆ ಪಟ್ಟಿ ಬದಲಿಸುವುದಿಲ್ಲ, ಇಂಜೆಕ್ಷನ್ನಿನ ಮಾತೇ ಇಲ್ಲ. ಕಳೆದ ಚಳಿಗಾಲದಲ್ಲಿ ಅಮ್ಮನ ಎಡಪಾದ ಊದಿಕೊಂಡಾಗ ಅಮ್ಮ ಎಣ್ಣೆ ತಿಕ್ಕು ಎಂದರೂ ತಿಕ್ಕದೆ, ಫೋಟೊ ತೆಗೆದು ನನಗೆ ಕಳಿಸಿ, ಡಾಕ್ಟರು ಹೇಳುವವರೆಗೂ ಮುಟ್ಟಲಿಲ್ಲ. ತಮಗೆ ತಿಳಿಯದ್ದನ್ನು ಮಾಡದಿರುವವರನ್ನೇ ನಾನು ನಂಬುತ್ತೇನೆ.

ಹಣದ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಂದು ನೋಟ್‌ಬುಕ್ ಇದೆ. ಎಟಿಎಂ ಕಾರ್ಡು ಅಮ್ಮನ ಬೀರುವಿನಲ್ಲಿರುತ್ತದೆ, ಅದರ ಗುಟ್ಟಿನ ಸಂಖ್ಯೆ ಬಂದುಹೋಗುವವರಿಗೆ ತಿಳಿದಿರಬಾರದು. ಇದು ಅವರ ಮೇಲಿನ ಅನುಮಾನದಿಂದ ಮಾಡಿದ ಏರ್ಪಾಡಲ್ಲ, ನಾಳೆ ಒಂದು ನೂರು ರೂಪಾಯಿ ಕಾಣದಿದ್ದರೆ ಅವರತ್ತ ಯಾರೂ ಬೆರಳು ತೋರಿಸಬಾರದೆಂದು ಮಾಡಿದ್ದು. ತರಕಾರಿ, ಹಾಲು, ಸಿಲಿಂಡರಿನವನಿಗೆ ಕೊಟ್ಟದ್ದು ಎಲ್ಲವನ್ನೂ ಅಮ್ಮ ತನ್ನ ಕೈಯಾರೆ ಬರೆಯುತ್ತಾಳೆ. 70 ದಾಟಿದವರಿಗೆ ಮನೆಬಾಗಿಲಲ್ಲೇ ಬ್ಯಾಂಕಿನ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕೇಳಿದಾಗ ನಮ್ಮ ಬ್ಯಾಂಕಿನವರು ಜನವಿಲ್ಲವೆಂದರು. ನಮಗೆ ಒದಗಿದ್ದು ಪೋಸ್ಟ್‌ಮ್ಯಾನ್. ಅಪ್ಪ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದವರು, ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತದೆ, ವರ್ಷಕ್ಕೊಮ್ಮೆ ಬದುಕಿದ್ದೇನೆಂಬ ಪ್ರಮಾಣಪತ್ರ ಕೊಡಬೇಕು. ಎಲ್ಲರಿಗೂ ನವೆಂಬರ್ ತಿಂಗಳಾದರೆ, 80 ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು. ಕಳೆದ ವರ್ಷ ಅಮ್ಮನ ಬೆರಳಚ್ಚು ಯಂತ್ರಕ್ಕೆ ಹಿಡಿಯಲೇ ಇಲ್ಲ, ಅಡುಗೆ ಮುಸುರೆ ಮಾಡಿ ಸವೆದ ಬೆರಳು. ಪೋಸ್ಟ್‌ಮ್ಯಾನ್ ಮೊಬೈಲಿನಲ್ಲಿ ಮುಖದ ಚಿತ್ರ ತೆಗೆಯಬೇಕಾಯಿತು. "ಅಮ್ಮಾ, ಕಣ್ಣು ಮಿಟುಕಿಸಿ" ಎಂದು ಆತ ಮೂರು ಸಲ ಹೇಳಿದರೂ ಜಗುಲಿಯ ಕತ್ತಲಲ್ಲಿ ಆಗಲಿಲ್ಲ. ಆಗ ನಮ್ಮನೆಗೆ ಬರುವವರು ಏನೂ ಹೇಳದೆ ಅಮ್ಮನ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರಂತೆ.

ಈ ಕುರ್ಚಿ ತಿರುಗಿಸುವ ಕೆಲಸಕ್ಕೆ ನಮ್ಮ ಕಾನೂನಿನಲ್ಲಿ ಹೆಸರಿಲ್ಲ. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಗೆಂದು 2007ರಲ್ಲಿ ಬಂದ ಕಾಯ್ದೆ ಒಳ್ಳೆಯ ಕಾಯ್ದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ಜೀವನಾಂಶ ಕೇಳಬಹುದು. ಆದರೆ ಜೀವನಾಂಶ ಎಂದರೆ ಊಟ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ ಎಂದಷ್ಟೇ ಅದು ಹೇಳುತ್ತದೆ. ಊಟವೂ ಬಟ್ಟೆಯೂ ಮನೆಯೂ ಇದ್ದು ಬೆನ್ನು ತಿಕ್ಕುವವರಿಲ್ಲದ 82ರ ಹೆಂಗಸು ಅಲ್ಲಿ ಕಾಣುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆಯಲ್ಲಿ, ದಿನನಿತ್ಯದ ಕೆಲಸಗಳಿಗೆ ತೊಡಕಿರುವ ಹಿರಿಯರಿಗೆ ಮನೆಯಲ್ಲಿ ನೆರವಾಗುವ ಸಂಸ್ಥೆಗಳನ್ನು ನೋಂದಾಯಿಸಿ ನಿಯಮಕ್ಕೆ ಒಳಪಡಿಸುವ ಮಾತಿತ್ತು. ಆ ಮಸೂದೆ ಕಾಯ್ದೆಯಾಗಲಿಲ್ಲ. 2024ರಲ್ಲಿ ಹಳೆಯ ಲೋಕಸಭೆಯೊಂದಿಗೆ ಅದೂ ಮುಗಿಯಿತು. ನಮಗೆ ಫಾರಂ ಕಳಿಸಿದ ಏಜೆನ್ಸಿಯಂಥವು ಯಾರಿಗೆ ಏನು ಹೇಳಿ ಕಳಿಸುತ್ತವೆ, ಎಷ್ಟು ಹಣ ಹಿಡಿದುಕೊಳ್ಳುತ್ತವೆ, ಆ ಹುಡುಗಿಗೆ ವಾರದ ರಜೆ ಇದೆಯೇ ಎಂದು ಕೇಳುವವರು ಬೇಕಾಗಿದ್ದರು.

ನಮ್ಮ ಮನೆಗೆ ಬರುವವರಿಗೆ 47 ವರ್ಷ. ಅಸಂಘಟಿತ ಕಾರ್ಮಿಕರಿಗೆಂದು 2019ರಲ್ಲಿ ಬಂದ ಪಿಂಚಣಿ ಯೋಜನೆಯಲ್ಲಿ 60ರ ನಂತರ ತಿಂಗಳಿಗೆ 3,000 ರೂಪಾಯಿ ಬರುತ್ತದೆಂದು ಕೇಳಿ ಅವರನ್ನು ಸೇರಿಸಲು ಹೊರಟೆ. 40 ವರ್ಷದೊಳಗೆ ಸೇರಬೇಕಂತೆ. ಯೋಜನೆ ಬಂದ ವರ್ಷವೇ ಅವರಿಗೆ 40 ದಾಟಿತ್ತು. ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಪಿಂಚಣಿ ಸಿಗಬೇಕಾದರೆ 65 ಆಗಬೇಕು. ಅಲ್ಲಿಯವರೆಗಿನ ಹದಿನೆಂಟು ವರ್ಷ ಆ ಸೊಂಟದ ಮೇಲೆಯೇ ನಡೆಯಬೇಕು. ಅಂಚೆ ಕಚೇರಿಯಲ್ಲಿ ಅವರ ಹೆಸರಿಗೆ ತಿಂಗಳಿಗೆ 500 ರೂಪಾಯಿಯ ಆರ್‌ಡಿ ಮಾಡಿಸಿದ್ದೇನೆ. ಅದು ಸಾಲದೆಂದು ನನಗೆ ಗೊತ್ತು. ಅವರ ಮನೆಯಲ್ಲಿಯೂ 76ರ ಅತ್ತೆ ಇದ್ದಾರೆ. ಇವರು ನಮ್ಮ ಅಮ್ಮನ ಬಚ್ಚಲಿನ ಬಾಗಿಲಲ್ಲಿ ಕುಳಿತಿರುವ ಆ ಮೂರು ಗಂಟೆ ಅಲ್ಲಿ ಅತ್ತೆಯ ಹತ್ತಿರ ಯಾರೂ ಇರುವುದಿಲ್ಲ. ಇದನ್ನು ತಿಳಿದುಕೊಂಡ ದಿನದಿಂದ, ಮಳೆ ಜೋರಾದ ದಿನ ಅವರು ಬರುವುದಿಲ್ಲವೆಂದು ಫೋನ್ ಮಾಡಿದರೆ ನಾನು ಕಾರಣ ಕೇಳುವುದಿಲ್ಲ, ಸಂಬಳ ಹಿಡಿಯುವುದಿಲ್ಲ.

ಹನ್ನೊಂದರ ನಂತರ ಅಮ್ಮ ಒಬ್ಬಳೇ. ರೇಡಿಯೊ, ಮಧ್ಯಾಹ್ನದ ನಿದ್ದೆ, ಹಿತ್ತಿಲಿಗೆ ಎರಡು ಸಲ ನಡಿಗೆ. ಫೋನಿನ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ 108, 112, 14567 ಎಂದು ಬರೆದು ಅಂಟಿಸಿದ್ದೇನೆ. ಕೊನೆಯದು ಹಿರಿಯರ ಸಹಾಯವಾಣಿ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ಅದರಿಂದ ಉಪಯೋಗವಿದೆ, ಅಮ್ಮ ಒಮ್ಮೆ ಪಿಂಚಣಿಯ ವಿಷಯ ಕೇಳಲು ತಾನೇ ಕರೆಮಾಡಿ ಉತ್ತರ ಪಡೆದಳು, ನನಗೆ ಆಮೇಲೆ ಹೇಳಿದಳು.

ಮೊನ್ನೆ ಹೋದಾಗ ನೋಟ್‌ಬುಕ್ ತೆರೆದು ನೋಡಿದೆ. ಮೇ ತಿಂಗಳ ಒಂದು ಪುಟದಲ್ಲಿ ಅಮ್ಮನ ಉರುಟು ಅಕ್ಷರದಲ್ಲಿ ಹೀಗಿತ್ತು: ಬಾಳೆಹಣ್ಣು 40, ಹಸಿಮೆಣಸು 10, ಹೂವು 20, ನೆನಪಿಲ್ಲ 30. ಜೂನ್‌ನಲ್ಲಿ ಅಂಥದ್ದು ಎರಡು ಸಲ. ಆಗಸ್ಟ್‌ನಲ್ಲಿ ಐದು. ಆ ಮೂವತ್ತು ರೂಪಾಯಿ ಯಾವುದಕ್ಕೆ ಹೋಯಿತೆಂದು ಅವರಿಗೆ ಗೊತ್ತಿತ್ತು, ಕೊತ್ತಂಬರಿ ಮತ್ತು ನಿಂಬೆಹಣ್ಣಿಗೆ. ಹೇಳಿಕೊಡಲಿಲ್ಲವೇ ಎಂದು ಕೇಳಿದೆ. "ಹೇಳ್ದೆ ಅಕ್ಕ. 'ನನಗೆ ನೆನಪಿಲ್ಲದ್ದನ್ನ ನಾನು ಹ್ಯಾಗೆ ಬರೀಲಿ' ಅಂದ್ರು. ಮತ್ತೆ ನಾನು ಬಲವಂತ ಮಾಡ್ಲಿಲ್ಲ" ಎಂದರು. ಪುಸ್ತಕವನ್ನು ಇದ್ದಲ್ಲೇ ಇಟ್ಟೆ. ಒಂದು 'ನೆನಪಿಲ್ಲ' ಐದಾಗಲು ಮೂರು ತಿಂಗಳು ಹಿಡಿಯಿತು. ಬೆಳಗಿನ ಮೂರು ಗಂಟೆ ಇನ್ನು ಸಾಲದು ಎಂಬುದನ್ನು ಆ ಪುಸ್ತಕವೇ ನಮಗೆ ತಿಳಿಸಿತು.

ದೀಪಾವಳಿಯಿಂದ ಸಂಜೆ ಒಂದೂವರೆ ಗಂಟೆಯೂ ಬರಬಹುದೇ ಎಂದು ಮೂವರೂ ಕುಳಿತು ಮಾತಾಡಿದೆವು. ಅಮ್ಮ ಮೊದಲು ಬೇಡವೆಂದಳು, ಆಮೇಲೆ ಕೆಲಸ ಹಂಚಿದಳು: ಬಾಗಿಲು ಕಿಟಕಿ ಹಾಕುವುದು, ಹಾಸಿಗೆ ಬಿಡಿಸುವುದು, ರಾತ್ರಿಗೆ ಬಿಸಿನೀರು ಫ್ಲಾಸ್ಕಿಗೆ ತುಂಬುವುದು ಅವರದು, ಗಂಜಿ ಮತ್ತು ದೇವರ ದೀಪ ತನ್ನದು. ಸಂಬಳವೂ ತೀರ್ಮಾನವಾಯಿತು. ಉಳಿದಿರುವುದು ಬಸ್ಸು. ಸಂಜೆಯ ಕೊನೆಯ ಸರ್ಕಾರಿ ಬಸ್ಸು ಆರೂವರೆಗೆ, ಆ ಕಾಲದಲ್ಲಿ ಅಷ್ಟು ಹೊತ್ತಿಗೆ ನಮ್ಮ ರಸ್ತೆಯಲ್ಲಿ ಕತ್ತಲಾಗಿರುತ್ತದೆ, ಮನೆಯಿಂದ ಡಾಂಬರು ರಸ್ತೆಯವರೆಗೆ ಒಂದೂ ದೀಪದ ಕಂಬವಿಲ್ಲ. ಅವರನ್ನು ಅಲ್ಲಿಯವರೆಗೆ ಬಿಟ್ಟುಬರುವವರನ್ನು ಹುಡುಕುತ್ತಿದ್ದೇನೆ. ಅಮ್ಮ ತನ್ನ ಟಾರ್ಚಿಗೆ ಹೊಸ ಸೆಲ್ ಹಾಕಿಸಿ ಜಗುಲಿಯ ಮೊಳೆಗೆ ನೇತುಹಾಕಿದ್ದಾಳೆ.